ಲೂರ್‌ಗೆ ಏರ್‌ಬ್ರಶ್ ಬಣ್ಣ: ತರಿತರಿ ಆಗುವುದು, ನೀರು ಉಗುಳುವುದು, ಮಾಸ್ಕ್ ಯಾವುದು?

ಉದ್ಯಾವರ ಗಾಳ

ಎಲ್ಲರಿಗೂ ನಮಸ್ಕಾರ. ಉದ್ಯಾವರ ಹೊಳೆಯ ಬದಿಯಲ್ಲೂ ಮಲ್ಪೆಯ ಕಲ್ಲುದಂಡೆಯಲ್ಲೂ ಗಾಳ ಹಾಕುವವನು ನಾನು. ಲೂರ್, ಅಂದರೆ ಮೀನನ್ನು ಸೆಳೆಯುವ ನಕಲಿ ಮೀನು, ಮನೆಯಲ್ಲೇ ಕೆತ್ತುತ್ತೇನೆ. ಪಾಲೆ ಮರದ ತುಂಡು ಸಿಕ್ಕರೆ ಅದರಲ್ಲೇ. ಹಗುರ, ಚಾಕುವಿಗೂ ಸುಲಭ. ಇಷ್ಟು ದಿನ ಬ್ರಶ್‌ನಲ್ಲಿ ಬಣ್ಣ ಕೊಡುತ್ತಿದ್ದೆ, ಈಗ ಗಾಳಿಯ ಒತ್ತಡದಲ್ಲಿ ಬಣ್ಣ ಎರಚುವ ಏರ್‌ಬ್ರಶ್ ತೆಗೆದುಕೊಂಡಿದ್ದೇನೆ. ಡಬಲ್ ಆ್ಯಕ್ಷನ್, ಮೇಲೆ ಕಪ್ ಇರುವುದು, 0.3 ಮಿ.ಮೀ. ನಾಜಲ್. ಸಣ್ಣ ಟ್ಯಾಂಕ್ ಇರುವ ಕಂಪ್ರೆಸರ್.

ತೊಂದರೆ ಏನೆಂದರೆ, ಬಣ್ಣ ಒಣಗಿದ ಮೇಲೆ ಬೆರಳಾಡಿಸಿದರೆ ತರಿತರಿ. ಸ್ವಲ್ಪ ಹೊತ್ತು ಚೆನ್ನಾಗಿ ಬರುತ್ತದೆ, ಆಮೇಲೆ ನಿಂತು ಹೋಗುತ್ತದೆ, ಟ್ರಿಗರ್ ಜಾಸ್ತಿ ಎಳೆದರೆ ಒಮ್ಮೆಲೇ ದೊಡ್ಡ ಹನಿ ಉಗುಳುತ್ತದೆ. ನಡುನಡುವೆ ಬರೀ ನೀರಿನ ಹನಿಯೂ ಬೀಳುತ್ತದೆ. ಬಲೆಯ ತುಂಡು ಇಟ್ಟು ಮೀನಿನ ಹುರುಪೆಯ ಗುರುತು ಹೊಡೆದರೆ ಅಂಚು ಮಸುಕು.

ಇನ್ನೊಂದು ವಿಷಯ. ಮಳೆ ಅಂತ ಕಿಟಕಿ ಮುಚ್ಚಿ ಒಳಗಿನ ಕೋಣೆಯಲ್ಲಿ ಹೊಡೆಯುತ್ತೇನೆ. ಕೆಲಸ ಮುಗಿಸಿ ಮೂಗು ಒರೆಸಿದರೆ ಕರ್ಚೀಫಿನಲ್ಲಿ ನೀಲಿ ಬಣ್ಣ. ಬಾಟಲಿ ಮೇಲೆ ನಾನ್ ಟಾಕ್ಸಿಕ್ ಅಂತ ಇದೆ. ಬಟ್ಟೆ ಮಾಸ್ಕ್ ಸಾಕಲ್ವಾ? ಮೇಲಿನ ಪಾಲಿಶ್‌ಗೆ ಕಾರಿಗೆ ಹೊಡೆಯುವ 2ಕೆ ಕ್ಲಿಯರ್ ತರೋಣ ಅಂತ ಇದ್ದೇನೆ. ಬಲ್ಲವರು ಹೇಳಿ.

ಕಲ್ಸಂಕ ಟೀಚರ್

ನಿಮ್ಮ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ. ಬಣ್ಣ ಲೂರ್ ಮುಟ್ಟುವ ಮೊದಲೇ ಒಣಗುತ್ತಿದೆ. ನಾಜಲ್‌ನಿಂದ ಹೊರಟ ಸಣ್ಣ ಹನಿ ದಾರಿಯಲ್ಲೇ ಒಣಗಿದರೆ ಪುಡಿಯಾಗಿ ಬಂದು ಕೂರುತ್ತದೆ. ಅದೇ ಆ ತರಿ. ಸೂಜಿಯ ತುದಿಯಲ್ಲೇ ಒಣಗಿದರೆ ಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ. ನೀವು ಟ್ರಿಗರ್ ಎಳೆದಾಗ ಆ ಗಡ್ಡೆ ಕಿತ್ತು ಬರುತ್ತದೆ. ಅದೇ ಉಗುಳುವುದು.

ಮೊದಲು ಬಣ್ಣದ ಹದ ನೋಡಿ. ಕ್ರಾಫ್ಟ್ ಅಂಗಡಿಯ ಅಕ್ರಿಲಿಕ್ ಹಾಗೇ ಸುರಿದರೆ 0.3 ನಾಜಲ್‌ನಲ್ಲಿ ಓಡುವುದಿಲ್ಲ. ಓಡಲಿ ಅಂತ ಎಲ್ಲರೂ ಪ್ರೆಶರ್ ಏರಿಸುತ್ತಾರೆ. ಏರಿಸಿದಷ್ಟೂ ಬಣ್ಣ ಬೇಗ ಒಣಗುತ್ತದೆ, ಜಾಸ್ತಿ ಹಾರುತ್ತದೆ. ನೀರುಮಜ್ಜಿಗೆಯ ಹದಕ್ಕೆ ತನ್ನಿ. ಕಪ್‌ನ ಒಳಗೋಡೆಗೆ ಒಂದು ಹನಿ ಸವರಿ ನೋಡಿ, ತಡೆಯದೆ ಕೆಳಗೆ ಜಾರಬೇಕು, ಜಾರಿದ ದಾರಿಯಲ್ಲಿ ತೆಳ್ಳಗೆ ಬಣ್ಣ ಉಳಿಯಬೇಕು. ಬರೀ ನೀರು ಸೇರಿಸುತ್ತಾ ಹೋಗಬೇಡಿ. ನೀರು ಜಾಸ್ತಿ ಆದರೆ ಅಂಟು ಕಡಿಮೆಯಾಗಿ ಬಣ್ಣ ಕಿತ್ತು ಬರುತ್ತದೆ. ಅಕ್ರಿಲಿಕ್‌ಗೆಂದೇ ಬರುವ ಏರ್‌ಬ್ರಶ್ ಥಿನ್ನರ್ ಅಥವಾ ಮೀಡಿಯಂ ಇದೆ, ಅದನ್ನೇ ಹಾಕಿ. ಕಪ್‌ಗೆ ಹೊಯ್ಯುವ ಮೊದಲು ಹಳೇ ನೈಲಾನ್ ಸಾಕ್ಸ್‌ನ ತುಂಡಿನಲ್ಲಿ ಸೋಸಿ. ಈ ಸಣ್ಣ ಕೆಲಸವನ್ನು ಬಿಡಲೇಬಾರದು.

ಆಮೇಲೆ ಪ್ರೆಶರ್. ಮೀಟರ್ ಓದುವುದು ಟ್ರಿಗರ್ ಒತ್ತಿ ಗಾಳಿ ಹೋಗುತ್ತಿರುವಾಗ. ಸುಮ್ನೆ ಇಟ್ಟಾಗ 30 ತೋರಿಸಿದ್ದು ಒತ್ತಿದ ಕೂಡಲೇ ಇಳಿಯುತ್ತದೆ. ತೆಳು ಅಕ್ರಿಲಿಕ್‌ಗೆ ಸಣ್ಣ ಕೆಲಸಕ್ಕೆ 15ರಿಂದ 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಬೇಸ್ ಕೋಟ್‌ಗೆ 20ರಿಂದ 25 ಸಾಕು. ದೂರವೂ ಮುಖ್ಯ. ಬೇಸ್‌ಗೆ ಹತ್ತು ಸೆಂಟಿಮೀಟರ್ ಆಸುಪಾಸು, ಗೆರೆ ಎಳೆಯಲು ಎರಡು ಮೂರು ಸೆಂಟಿಮೀಟರ್. ತುಂಬಾ ಹತ್ತಿರ ಹೋಗಿ ಬಣ್ಣ ಜಾಸ್ತಿ ಬಿಟ್ಟರೆ ಹನಿ ನಾಲ್ಕೂ ಕಡೆ ಕಾಲು ಚಾಚಿ ಓಡುತ್ತದೆ.

ಡಬಲ್ ಆ್ಯಕ್ಷನ್‌ನಲ್ಲಿ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಶುರು ಮಾಡುವಾಗ ಗಾಳಿ ಮೊದಲು, ಕೈ ಚಲಿಸಲು ಶುರುವಾದ ಮೇಲೆ ಬಣ್ಣ. ನಿಲ್ಲಿಸುವಾಗ ಬಣ್ಣ ಮೊದಲು ನಿಲ್ಲಬೇಕು, ಗಾಳಿ ಕೊನೆಗೆ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಎರಡನ್ನೂ ಒಟ್ಟಿಗೆ ಬಿಟ್ಟರೆ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ, ಮುಂದಿನ ಸಲ ಗಾಳಿ ಒತ್ತಿದಾಗ ಅದು ನೇರ ಲೂರ್ ಮೇಲೆ. ಹಳೇ ಪೇಪರ್ ಮೇಲೆ ಚುಕ್ಕೆ, ಗೆರೆ, ಒಂದು ಕಡೆ ದಪ್ಪ ಇನ್ನೊಂದು ಕಡೆ ಚೂಪು ಆಗುವ ಗೆರೆ, ಇಷ್ಟನ್ನೇ ಸಾಕೆನ್ನುವವರೆಗೆ ಮಾಡಿ.

ಸೂಜಿ ತುದಿ ಒಣಗುವುದು ಅಕ್ರಿಲಿಕ್‌ನ ಗುಣ, ಪೂರ್ತಿ ತಪ್ಪಿಸಲು ಆಗುವುದಿಲ್ಲ. ಕ್ಲೀನರ್‌ನಲ್ಲಿ ಅದ್ದಿದ ಮೆತ್ತನೆಯ ಬ್ರಶ್ ಪಕ್ಕದಲ್ಲಿ ಇರಲಿ, ಆಗಾಗ ತುದಿ ಒರೆಸಿ. ಬಣ್ಣಕ್ಕೆ ಒಂದೆರಡು ಹನಿ ರಿಟಾರ್ಡರ್ ಹಾಕಿದರೂ ಒಣಗುವುದು ನಿಧಾನವಾಗುತ್ತದೆ.

ಉದ್ಯಾವರ ಗಾಳ

ಟೀಚರ್, ನೀವು ಹೇಳಿದ ಹಾಗೆ ಟ್ರಿಗರ್ ಒತ್ತಿ ಮೀಟರ್ ನೋಡಿದೆ. 38 ಇತ್ತು! ತುಂಬಾ ಉಪಕಾರ. ನೀರಿನ ಹನಿ ಮಾತ್ರ ಇನ್ನೂ ಬರುತ್ತಿದೆ.

ಕೋಡಿಬೆಂಗ್ರೆ

ಅಣ್ಣ, ಆ ನೀರು ನಮ್ಮ ಊರಿನ ಗಾಳಿಯದ್ದು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ಬೋಟುಗಳೆಲ್ಲ ದಡದಲ್ಲಿ, ಕಡಲೂ ಹೊಳೆಯೂ ಕೆಂಪಾಗಿ ಕದಡಿರುತ್ತದೆ. ನಾವು ಲೂರ್ ಮಾಡಲು ಕೂರುವುದು ಆಗಲೇ. ಗಾಳಿಯಲ್ಲಿ ತೇವ ಅತಿ ಹೆಚ್ಚು ಇರುವುದೂ ಆಗಲೇ.

ಗಾಳಿಯನ್ನು ಒತ್ತಿದಾಗ ಬಿಸಿಯಾಗುತ್ತದೆ. ಪೈಪಿನಲ್ಲಿ ಹೋಗುತ್ತಾ ತಣ್ಣಗಾದಾಗ ಅದರಲ್ಲಿದ್ದ ತೇವ ನೀರಾಗುತ್ತದೆ. ಕಂಪ್ರೆಸರ್‌ನಲ್ಲೇ ಇರುವ, ನೀರು ಹಿಡಿದಿಡುವ ಮಾಯಿಶ್ಚರ್ ಟ್ರ್ಯಾಪ್ ಮಾತ್ರ ನಂಬಿದರೆ, ಬಿಸಿ ಗಾಳಿ ಅಲ್ಲಿಂದ ದಾಟಿ ಹೋಗಿ ಆಮೇಲೆ ಪೈಪಿನೊಳಗೆ ನೀರು ಬಿಡುತ್ತದೆ. ಹಾಗಾಗಿ ಉದ್ದದ ಪೈಪ್ ಹಾಕಿ, ಏರ್‌ಬ್ರಶ್‌ನ ಬುಡದಲ್ಲಿ ಇನ್ನೊಂದು ಸಣ್ಣ ಟ್ರ್ಯಾಪ್ ಸೇರಿಸಿ. ನನ್ನ ಪ್ರಕಾರ ಮಳೆಗಾಲದಲ್ಲಿ ಆ ಎರಡನೇ ಟ್ರ್ಯಾಪ್ ಇಲ್ಲದೆ ಕೆಲಸ ಶುರು ಮಾಡಲೇಬಾರದು. ಕಂಪ್ರೆಸರ್ ಟ್ಯಾಂಕ್‌ನ ಕೆಳಗಿನ ಸ್ಕ್ರೂ ತೆಗೆದು ಪ್ರತಿ ಸಲ ಕೆಲಸ ಮುಗಿದ ಮೇಲೆ ನೀರು ಬಿಡಿ. ಬಿಡದಿದ್ದರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಒತ್ತಡದ ಟ್ಯಾಂಕ್ ತುಕ್ಕು ಹಿಡಿದು ತೆಳುವಾಗುವುದು ಅಪಾಯ.

ಬಣ್ಣದ ಪ್ರತಿ ಕೋಟ್ ಆದ ಮೇಲೆ ಹೇರ್ ಡ್ರೈಯರ್ ಸಣ್ಣ ಬಿಸಿಯಲ್ಲಿ ಹಿಡಿಯಿರಿ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇರುತ್ತದೆ. ಜಾಸ್ತಿ ಬಿಸಿ ಮಾಡಿದರೆ ಮರದೊಳಗಿನ ಗಾಳಿ ಉಬ್ಬಿ, ಮರದ ರಂಧ್ರ ಮುಚ್ಚಲು ಮೊದಲು ಹಚ್ಚಿದ ಸೀಲರ್‌ನಲ್ಲಿ ಗುಳ್ಳೆ ಏಳುತ್ತದೆ, ಜಾಗ್ರತೆ.

ಪಣಂಬೂರು ಪೈಂಟರ್

2ಕೆ ಕ್ಲಿಯರ್ ವಿಷಯ ನಾನು ಹೇಳುತ್ತೇನೆ. ವಾಹನಗಳಿಗೆ ಬಣ್ಣ ಹೊಡೆಯುವುದೇ ನನ್ನ ಹೊಟ್ಟೆಪಾಡು. ಮನೆಯೊಳಗೆ ಅದನ್ನು ಹೊಡೆಯಬೇಡಿ ಮಾರಾಯ್ರೆ. ಕೈಮುಗಿದು ಹೇಳುತ್ತೇನೆ.

2ಕೆ ಅಂದರೆ ಎರಡು ಡಬ್ಬಿ, ಒಂದು ಕ್ಲಿಯರ್, ಇನ್ನೊಂದು ಹಾರ್ಡನರ್. ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಅದು ಎಲ್ಲರಿಗೂ ಮೊದಲ ದಿನವೇ ಏನೂ ಮಾಡುವುದಿಲ್ಲ. ಹೊಡೆಯುತ್ತಾ ಹೊಡೆಯುತ್ತಾ ಕೆಲವರ ದೇಹಕ್ಕೆ ಅಲರ್ಜಿ ಹಿಡಿಯುತ್ತದೆ. ಒಮ್ಮೆ ಹಿಡಿದರೆ ಮತ್ತೆ ತೀರಾ ಸ್ವಲ್ಪ ಸೋಕಿದರೂ ಎದೆ ಬಿಗಿದು ದಮ್ಮು ಕಟ್ಟುತ್ತದೆ. ನನ್ನ ಜತೆ ಕೆಲಸ ಮಾಡುತ್ತಿದ್ದ ಒಬ್ಬರು ಇದರಿಂದಲೇ ಪೈಂಟಿಂಗ್ ಬಿಟ್ಟು ಬೇರೆ ಕೆಲಸಕ್ಕೆ ಹೋದರು. ಒಳ್ಳೆಯ ಕೈ ಇತ್ತು ಅವರಿಗೆ. ಈಗ ಗ್ಯಾರೇಜಿನ ಗೇಟಿನ ಹತ್ತಿರವೂ ಬರಲು ಆಗುವುದಿಲ್ಲ.

ವಾಸನೆ ಬರಲಿಲ್ಲ, ಹಾಗಾಗಿ ತೊಂದರೆ ಇಲ್ಲ ಅಂತ ಇದರಲ್ಲಿ ಹೇಳಲು ಆಗುವುದಿಲ್ಲ. ಹಾನಿ ಮಾಡುವಷ್ಟು ಇದ್ದರೂ ಮೂಗಿಗೆ ಗೊತ್ತಾಗದೇ ಇರಬಹುದು. ಅದಕ್ಕೇ ಸರಿಯಾದ ಬೂತ್‌ಗಳಲ್ಲಿ ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಮಾಸ್ಕ್ ಹಾಕಿ ಹೊಡೆಯುತ್ತಾರೆ. ಚರ್ಮದ ಮೂಲಕವೂ ಅಲರ್ಜಿ ಬರಬಹುದು. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಅವರೂ ಅದೇ ಗಾಳಿ ಕುಡಿಯುತ್ತಾರಲ್ವಾ? ಒಂದು ಲೂರ್‌ನ ಹೊಳಪಿಗೆ ಇಷ್ಟು ಬೆಲೆ ಬೇಡ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್, ಅಂದರೆ ಬೇಗ ಹೊತ್ತಿಕೊಳ್ಳುವ ದ್ರಾವಕದಲ್ಲಿ ಕಲಸುವ ಬಣ್ಣವೂ ಒಳಗೆ ಬೇಡ. ಅದರ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಕಂಪ್ರೆಸರ್ ಮೋಟಾರಿನದ್ದೋ ಸ್ವಿಚ್‌ನದ್ದೋ ಒಂದು ಕಿಡಿ ಸಾಕು. ಅಡುಗೆಮನೆ ಪಕ್ಕದಲ್ಲಿದ್ದರೆ ಕೇಳುವುದೇ ಬೇಡ.

ಬೋಳಾರ ಬೀಚ್

ಇಷ್ಟೆಲ್ಲ ಯಾಕೆ? ನಾನು ಅಂಗಳದಲ್ಲಿ ಹೊಡೆಯುತ್ತೇನೆ, ಬಯಲು ಗಾಳಿ. ಮಾಸ್ಕ್ ಹಾಕಿದ್ದೇ ಇಲ್ಲ, ಏನೂ ಆಗಿಲ್ಲ. ಅಕ್ರಿಲಿಕ್ ಅಂದರೆ ನೀರಿನ ಬಣ್ಣ, ಮಕ್ಕಳೂ ಬಳಸುತ್ತಾರೆ.

ಸುರತ್ಕಲ್ ಸೇಫ್ಟಿ

ಬೋಳಾರದವರೇ, ಬಯಲಿನಲ್ಲಿ ಹೊಡೆಯುವುದು ಮುಚ್ಚಿದ ಕೋಣೆಗಿಂತ ಖಂಡಿತ ಒಳ್ಳೆಯದು. ಆದರೆ ಮಕ್ಕಳು ಅದನ್ನು ಬ್ರಶ್‌ನಲ್ಲಿ ಬಳಿಯುತ್ತಾರೆ, ಉಸಿರಿನಲ್ಲಿ ಎಳೆಯುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲಿಯೇ. ನಾನ್ ಟಾಕ್ಸಿಕ್ ಅಂತ ಬರೆದಿರುವುದು ಸಾಮಾನ್ಯವಾಗಿ ಬಳಿಯುವ ರೀತಿಗೆ. ಎಎಸ್‌ಟಿಎಂ ಡಿ-4236 (ಬಣ್ಣದ ಲೇಬಲ್ ಬಗ್ಗೆ ಇರುವ ಒಂದು ಮಾನದಂಡ) ಅಂತ ಬಾಟಲಿಯಲ್ಲಿ ಇದ್ದರೆ, ದೀರ್ಘಕಾಲದ ಅಪಾಯ ಇದ್ದಲ್ಲಿ ಲೇಬಲ್‌ನಲ್ಲಿ ಹೇಳಬೇಕು ಎಂಬ ಕ್ರಮವನ್ನು ಅವರು ಪಾಲಿಸಿದ್ದಾರೆ ಎಂದರ್ಥ. ಸ್ಪ್ರೇ ಮಾಡಿ ಉಸಿರಾಡಬಹುದು ಎಂದಲ್ಲ. ಕ್ಯಾಡ್ಮಿಯಂ ಇರುವ ಕೆಂಪು, ಹಳದಿ ಟ್ಯೂಬ್‌ಗಳ ಹಿಂದೆ ಸ್ಪ್ರೇ ಮಾಡಬಾರದು ಅಂತಲೇ ಹಲವು ಕಂಪನಿಗಳು ಬರೆದಿರುತ್ತವೆ. ಓದಿ ನೋಡಿ.

ಉದ್ಯಾವರದವರೇ, ನಿಮ್ಮ ಕರ್ಚೀಫಿನ ನೀಲಿಯೇ ಉತ್ತರ. ಮೂಗಿನಲ್ಲಿ ಸಿಕ್ಕಿಬಿದ್ದದ್ದು ದಪ್ಪ ಕಣ. ಅದಕ್ಕಿಂತ ಸಣ್ಣದು ಒಳಗೆ ಶ್ವಾಸಕೋಶದವರೆಗೆ ಹೋಗುತ್ತದೆ. ಟೀಚರ್ ಹೇಳಿದ ತರಿ ಇದೆಯಲ್ಲ, ಗಾಳಿಯಲ್ಲೇ ಒಣಗಿದ ಪುಡಿ, ನೀವು ಉಸಿರಾಡುತ್ತಿರುವುದು ಅದನ್ನೇ. ಲೂರ್ ಮೇಲೆ ಕೂರದ ಬಣ್ಣ ಎಲ್ಲೋ ಹೋಗಬೇಕಲ್ಲ. ಪ್ರೆಶರ್ ಇಳಿಸಿ, ಹತ್ತಿರದಿಂದ ತೆಳ್ಳಗೆ ಹೊಡೆದರೆ ಕೆಲಸವೂ ನುಣುಪಾಗುತ್ತದೆ, ಗಾಳಿಗೆ ಹೋಗುವ ಬಣ್ಣವೂ ಕಡಿಮೆಯಾಗುತ್ತದೆ. ಹದವಾಗಿ ಹೊಡೆಯಲು ಕಲಿಯುವುದೇ ಮೊದಲ ರಕ್ಷಣೆ, ಮಾಸ್ಕ್ ಆಮೇಲಿನದು.

ಬಟ್ಟೆ ಮಾಸ್ಕ್ ಇದಕ್ಕೆ ಪ್ರಯೋಜನವಿಲ್ಲ. ಎನ್95 ಬಣ್ಣದ ಕಣ ತಡೆಯುತ್ತದೆ, ಥಿನ್ನರ್‌ನ ಆವಿ ತಡೆಯುವುದಿಲ್ಲ. ನೀರಿನ ಅಕ್ರಿಲಿಕ್ ಮಾತ್ರ ಹೊಡೆಯುವುದಾದರೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ಕನಿಷ್ಠ. ಕೈಗೆಟಕುವುದಾದರೆ ರಬ್ಬರಿನ ಅರ್ಧಮುಖದ ರೆಸ್ಪಿರೇಟರ್ ತೆಗೆದುಕೊಳ್ಳಿ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ಥಿನ್ನರ್‌ನಂಥ ಆವಿ ಹೀರುವ ಇದ್ದಿಲಿನ ಡಬ್ಬಿ), ಅದರ ಮೇಲೆ ಕಣ ತಡೆಯುವ ಫಿಲ್ಟರ್, ಎರಡೂ ಇರಬೇಕು. ಗಡ್ಡ ಇದ್ದರೆ ಅಂಚಿನಿಂದ ಗಾಳಿ ನುಗ್ಗುತ್ತದೆ, ಮಾಸ್ಕ್ ಎಷ್ಟು ದುಬಾರಿಯದ್ದಾದರೂ ಅಷ್ಟೇ. ಹಾಕಿದ ಮೇಲೆ ಕಾರ್ಟ್ರಿಜ್‌ಗಳನ್ನು ಅಂಗೈಯಿಂದ ಮುಚ್ಚಿ ಮೆಲ್ಲ ಉಸಿರು ಎಳೆಯಿರಿ. ಮಾಸ್ಕ್ ಮುಖಕ್ಕೆ ಅಂಟಿ ಹಾಗೇ ನಿಂತರೆ ಸರಿ ಕೂತಿದೆ ಎಂದರ್ಥ.

ಇಲ್ಲಿಯವರು ಮರೆಯುವುದು ಇನ್ನೊಂದು. ಕಾರ್ಟ್ರಿಜ್‌ನಲ್ಲಿರುವ ಇದ್ದಿಲು ಪ್ಯಾಕೆಟ್ ಒಡೆದ ಕ್ಷಣದಿಂದ ಗಾಳಿಯಲ್ಲಿ ಇರುವುದನ್ನೆಲ್ಲ ಎಳೆದುಕೊಳ್ಳುತ್ತಿರುತ್ತದೆ, ತೇವವನ್ನೂ ಸೇರಿ. ಗೋಡೆಯ ಮೊಳೆಗೆ ನೇತುಹಾಕಿದರೆ ನಮ್ಮ ಕರಾವಳಿಯಲ್ಲಿ ಬೇಗ ಹಾಳು. ಗಾಳಿಯಾಡದ ಡಬ್ಬಿಯಲ್ಲಿಡಿ, ಒಡೆದ ತಾರೀಕು ಮೇಲೆ ಬರೆದಿಡಿ.

ಮರ ಉಜ್ಜುವಾಗಲೂ ಮಾಸ್ಕ್ ಬೇಕು. ಮರದ ಧೂಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬೋಳಾರ ಬೀಚ್

ಸರಿ, ಒಪ್ಪಿದೆ. ಎನ್95 ಮನೆಯಲ್ಲೇ ಇದೆ, ಹಾಕುತ್ತೇನೆ. ಆದರೆ ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯಲು ಆಗುವುದಿಲ್ಲವಲ್ಲ, ಒಳಗೆ ಏನು ವ್ಯವಸ್ಥೆ?

ಕೋಡಿಬೆಂಗ್ರೆ

ನನ್ನದು ಇದು. ದೊಡ್ಡ ರಟ್ಟಿನ ಪೆಟ್ಟಿಗೆ, ಒಂದು ಬದಿ ತೆರೆದದ್ದು. ಹಿಂಬದಿಯಲ್ಲಿ ತೂತು ಮಾಡಿ ಒಂಬತ್ತು ಇಂಚಿನ ಎಕ್ಸಾಸ್ಟ್ ಫ್ಯಾನ್, ಅದರ ಮುಂದೆ ಫಿಲ್ಟರ್ ಹತ್ತಿಯ ಹಾಸು. ಫ್ಯಾನ್‌ನ ಹಿಂದೆ ಅಲ್ಯೂಮಿನಿಯಂ ಸುರುಳಿ ಪೈಪ್, ಅದು ಕಿಟಕಿಯಿಂದ ಹೊರಗೆ. ಪೈಪ್ ಮೋಟು ಇದ್ದಷ್ಟು, ತಿರುವು ಕಡಿಮೆ ಇದ್ದಷ್ಟು ಗಾಳಿ ಚೆನ್ನಾಗಿ ಎಳೆಯುತ್ತದೆ. ಎದುರಿನ ಬಾಗಿಲು ಸ್ವಲ್ಪ ತೆರೆದಿರಲಿ, ಒಳಗೆ ಗಾಳಿ ಬರದೆ ಹೊರಗೆ ಹೋಗುವುದು ಹೇಗೆ?

ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಊದುಬತ್ತಿ ಹಚ್ಚಿ ಪೆಟ್ಟಿಗೆಯ ಬಾಯಿಯಲ್ಲಿ ಹಿಡಿಯಿರಿ. ಹೊಗೆ ನೇರ ಒಳಗೆ ಹೋಗಬೇಕು. ಮೂಲೆಗಳಲ್ಲೂ ಹಿಡಿದು ನೋಡಿ. ಹೊಗೆ ನಿಮ್ಮ ಕಡೆ ತಿರುಗಿದರೆ ಬಣ್ಣವೂ ತಿರುಗುತ್ತದೆ. ಪರೀಕ್ಷೆ ಆದ ಮೇಲೆ ಊದುಬತ್ತಿ ಪೂರ್ತಿ ನಂದಿಸಿಯೇ ಬಣ್ಣ ತೆಗೆಯಿರಿ.

ಪಣಂಬೂರು ಪೈಂಟರ್

ಈ ಪೆಟ್ಟಿಗೆ ನೀರಿನ ಬಣ್ಣಕ್ಕೆ ಮಾತ್ರ. ಸಾದಾ ಎಕ್ಸಾಸ್ಟ್ ಫ್ಯಾನಿನ ಮೋಟಾರ್ ಆವಿ ಹೋಗುವ ದಾರಿಯಲ್ಲೇ ಇರುತ್ತದೆ. ಥಿನ್ನರ್ ಬಣ್ಣ ಇದರಲ್ಲಿ ಹೊಡೆಯಬೇಡಿ.

ಉದ್ಯಾವರ ಗಾಳ

ಎಲ್ಲರಿಗೂ ಧನ್ಯವಾದ. 2ಕೆ ಯೋಚನೆ ಬಿಟ್ಟೆ. ಹಾಗಾದರೆ ಮೇಲಿನ ಪಾಲಿಶ್‌ಗೆ ಏನು? ಹಲ್ಲು ಇರುವ ಮೀನು ಕಚ್ಚಿದರೆ ಬಣ್ಣ ನಿಲ್ಲಬೇಕು. ಮತ್ತೆ ಬಂಗುಡೆ ಡಿಸೈನ್ ಮಾಡಬೇಕು, ನೆಟ್‌ನಲ್ಲಿ ನೋಡಿ ಮಾಡಿದ್ದು ಏನೋ ಸರಿ ಕಾಣುತ್ತಿಲ್ಲ.

ಕೋಡಿಬೆಂಗ್ರೆ

ಬಂಗುಡೆ ಬಗ್ಗೆ ನನಗೆ ಬಹಳ ಹೇಳಲಿಕ್ಕಿದೆ.

ನೆಟ್‌ನಲ್ಲಿ ಸಿಗುವ ಬಂಗುಡೆ ಡಿಸೈನ್ ಹೆಚ್ಚಿನದು ಅಟ್ಲಾಂಟಿಕ್‌ನ ಬಂಗುಡೆ. ಅದರ ಬೆನ್ನಿನಲ್ಲಿ ಅಡ್ಡಕ್ಕೆ ಅಲೆಅಲೆಯಾದ ಕಪ್ಪು ಪಟ್ಟೆ. ನಮ್ಮ ಕಡಲಿನ ಬಂಗುಡೆಗೆ ಹಾಗಿಲ್ಲ. ನಮ್ಮದಕ್ಕೆ ನೀಲಿಹಸಿರು ಬೆನ್ನು, ಅದರ ಕೆಳಗೆ ತಲೆಯಿಂದ ಬಾಲದ ಕಡೆಗೆ ಉದ್ದಕ್ಕೆ ಓಡುವ ಸಣ್ಣ ಪಟ್ಟೆಗಳು. ತಾಜಾ ಮೀನಿನಲ್ಲಿ ಅವು ಚಿನ್ನದ ಬಣ್ಣಕ್ಕೆ ಇರುತ್ತವೆ, ಆಮೇಲೆ ಕಪ್ಪಾಗುತ್ತವೆ. ಎದೆಯ ರೆಕ್ಕೆಯ ಕೆಳಅಂಚಿನ ಹತ್ತಿರ ಒಂದು ಕಪ್ಪು ಚುಕ್ಕೆ. ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಬುಟ್ಟಿ ಇಳಿಸುವಾಗ ಹೋಗಿ ಒಂದು ಮೀನು ಕೈಯಲ್ಲಿ ಹಿಡಿದು ನೋಡಿ, ಬೆಳಕಿಗೆ ತಿರುಗಿಸಿ. ಯಾವ ಫೋಟೊದಲ್ಲೂ ಆ ಹೊಳಪು ಸಿಗುವುದಿಲ್ಲ.

ಬೂತಾಯಿಗೆ (ಸಾರ್ಡೀನ್ ಮೀನು) ಪಟ್ಟೆ ಕಪ್ಪಲ್ಲ. ಕಿವಿರಿನ ಹಿಂದಿನಿಂದ ಮೈಯ ನಡುವೆ ಮಸುಕಾದ ಚಿನ್ನದ ಗೆರೆ, ಕಿವಿರು ಮುಚ್ಚಳದ ಹಿಂಅಂಚಿನಲ್ಲಿ ಕಪ್ಪು ಚುಕ್ಕೆ.

ಬಣ್ಣದ ಕ್ರಮ ಹೀಗೆ. ಸೀಲರ್ ಆದ ಮೇಲೆ ಮೈಯಿಡೀ ಬಿಳಿ ಬೇಸ್. ತೆಳು ಬಣ್ಣಗಳು ಬಿಳಿಯ ಮೇಲೆಯೇ ಬೆಳಗುವುದು. ಬಿಳಿ ಬಣ್ಣ ಎಲ್ಲದಕ್ಕಿಂತ ದಪ್ಪ, ಬೇಗ ಕಟ್ಟಿಕೊಳ್ಳುತ್ತದೆ, ಅದಕ್ಕೆ 0.5 ನಾಜಲ್ ಇದ್ದರೆ ಉತ್ತಮ. ಆಮೇಲೆ ಹೊಟ್ಟೆಗೆ ಪರ್ಲ್ ಬೆಳ್ಳಿ, ಆಮೇಲೆ ಬಲೆ ಕಟ್ಟಿ ಹುರುಪೆ, ಆಮೇಲೆ ಬೆನ್ನಿನ ಬಣ್ಣ, ಕೊನೆಗೆ ಪಟ್ಟೆ, ಚುಕ್ಕೆ, ಕಿವಿರಿನ ನೆರಳು.

ಹುರುಪೆ ಮಸುಕಾಗಲು ಕಾರಣ ಬಲೆ ಮೈಗೆ ಅಂಟದೆ ಎದ್ದಿರುವುದು. ಸಣ್ಣ ಕಣ್ಣಿನ ಬಲೆಯ ತುಂಡನ್ನು ಬಿಗಿಯಾಗಿ ಸುತ್ತಿ ಹೊಟ್ಟೆಯ ಕೆಳಗೆ ಕ್ಲಿಪ್ ಹಾಕಿ. ನೇರ ಎದುರಿನಿಂದ ಹೊಡೆಯಿರಿ, ಓರೆಯಾಗಿ ಹೊಡೆದರೆ ದಾರದ ಕೆಳಗೆ ಬಣ್ಣ ನುಗ್ಗುತ್ತದೆ. ಒಣಗಿದ ಮೇಲೆಯೇ ಬಲೆ ಬಿಚ್ಚಿ.

ಬಣ್ಣ ಕೊಡುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟಬೇಡಿ. ತಲೆಗೆ ಎಣ್ಣೆ ಹಾಕಿದ ಕೈ ತಾಗಿದರೂ ಆ ಜಾಗದಲ್ಲಿ ಬಣ್ಣ ಬಿಟ್ಟು ನಿಲ್ಲುತ್ತದೆ.

ಕಲ್ಸಂಕ ಟೀಚರ್

ಬೆನ್ನಿಗೆ ನೇರ ಕಪ್ಪು ಹೊಡೆಯಬೇಡಿ ಅಂತ ಸೇರಿಸುತ್ತೇನೆ. ಕಡುನೀಲಿಗೆ ಸ್ವಲ್ಪ ಕಂದು ಸೇರಿಸಿ ಕಡು ಮಾಡಿ, ತೆಳ್ಳಗೆ ಹಲವು ಸಲ ಹೋಗಿ. ಒಂದೇ ಸಲ ಗಾಢ ಮಾಡಿದ ಬೆನ್ನು ಬಣ್ಣ ಬಳಿದ ಮರದ ಹಾಗೆಯೇ ಉಳಿಯುತ್ತದೆ.

ಪಣಂಬೂರು ಪೈಂಟರ್

ಮೇಲಿನ ಕೋಟ್‌ಗೆ ಎರಡು ಭಾಗದ ಇಪಾಕ್ಸಿ, ಬ್ರಶ್‌ನಲ್ಲಿ ಹಚ್ಚುವುದು. ಅಂಜಲ್ ಮೀನಿನ ಹಲ್ಲಿಗೆ ಅಡ್ಡ ನಿಲ್ಲುವಷ್ಟು ದಪ್ಪ ಕೋಟ್ ಇದರಲ್ಲಿ ಸುಲಭ. ಸ್ಪ್ರೇ ಮಾಡುವುದೇ ಇಲ್ಲವಾದ್ದರಿಂದ ಗಾಳಿಗೆ ಮಂಜು ಏಳುವುದಿಲ್ಲ. ಆದರೂ ನೈಟ್ರೈಲ್ ಗ್ಲೌಸ್ ಹಾಕಲೇಬೇಕು. ಗಟ್ಟಿಯಾಗದ ಇಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಬರುತ್ತದೆ. ಯುವಿ ರೆಸಿನ್‌ಗೂ ಇದೇ ಮಾತು. ಕೈಗೆ ತಾಗಿದರೆ ಥಿನ್ನರ್‌ನಲ್ಲಿ ಒರೆಸಬೇಡಿ, ಸೋಪು ನೀರಿನಲ್ಲಿ ತೊಳೆಯಿರಿ.

ಅಳತೆ ಡಬ್ಬಿಯಲ್ಲಿ ಹೇಳಿದಷ್ಟೇ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಯಾವತ್ತೂ ಅಂಟಂಟು ಉಳಿಯುತ್ತದೆ. ಹಚ್ಚಿದ ಮೇಲೆ ಗಟ್ಟಿಯಾಗುವವರೆಗೆ ಲೂರ್ ನಿಧಾನ ತಿರುಗುತ್ತಿರಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿ ಹನಿ ಕಟ್ಟುತ್ತದೆ. ನಿಧಾನ ತಿರುಗುವ ಸಣ್ಣ ಗೇರ್ ಮೋಟಾರ್ ಸಾಕು. ಬಣ್ಣ ಕೊಟ್ಟ ಮರುದಿನ ಇಪಾಕ್ಸಿ ಹಚ್ಚಿ, ಅದೇ ದಿನ ಬೇಡ. ತೇವ ಒಳಗೆ ಸಿಕ್ಕಿಕೊಂಡರೆ ಹಾಲುಬಿಳುಪು ಬರುತ್ತದೆ.

ಮಳೆಗಾಲದಲ್ಲಿ ಕೆಲವು ಇಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಪೊರೆ ಬರುತ್ತದೆ. ಹಾರ್ಡನರ್ ಗಾಳಿಯ ತೇವದ ಜತೆ ಸೇರಿ ಆಗುವುದು. ಗಟ್ಟಿಯಾದ ಮೇಲೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು ಹಾಕಿ ತೊಳೆದರೆ ಹೋಗುತ್ತದೆ. ತೊಳೆಯದೆ ಮೇಲಿಂದ ಇನ್ನೊಂದು ಕೋಟ್ ಹಚ್ಚಿದರೆ ಅದು ಹಿಡಿಯುವುದಿಲ್ಲ.

ಉದ್ಯಾವರ ಗಾಳ

ಪ್ರೆಶರ್ 18ಕ್ಕೆ ಇಳಿಸಿದೆ, ಎರಡನೇ ಟ್ರ್ಯಾಪ್ ಹಾಕಿದೆ, ಪೆಟ್ಟಿಗೆ ಮಾಡಿದೆ. ಹುರುಪೆಯ ಅಂಚು ಈಗ ಚೊಕ್ಕ. ಬೆರಳಿಗೆ ತರಿ ಸಿಗುವುದಿಲ್ಲ. ಕರ್ಚೀಫೂ ಬೆಳ್ಳಗೇ ಇದೆ. ಅಮ್ಮ ಬಂದು ಈ ಬೂತಾಯಿ ಎಲ್ಲಿಂದ ಅಂತ ಕೇಳಿದರು, ಅದಕ್ಕಿಂತ ಖುಷಿ ಬೇರೆ ಏನಿದೆ!

ಕೊನೆಯದಾಗಿ ಒಂದು. ಏರ್‌ಬ್ರಶ್ ತೊಳೆದ ನೀರು ಎಲ್ಲಿ ಚೆಲ್ಲುವುದು? ನಮ್ಮ ಬಾವಿ ಹಿತ್ತಲಿನಲ್ಲೇ ಇದೆ.

ಸುರತ್ಕಲ್ ಸೇಫ್ಟಿ

ಕೇಳಿದ್ದು ಒಳ್ಳೆಯದಾಯಿತು. ಬಾವಿಯ ಹತ್ತಿರವೂ ಬೇಡ, ಮಳೆನೀರು ಹೊಳೆಗೆ ಹೋಗುವ ಚರಂಡಿಗೂ ಬೇಡ. ತೊಳೆಯುವಾಗ ಗಾಳಿಗೆ ಹಾರಿಸಬೇಡಿ, ಮುಚ್ಚಳ ಇರುವ ಡಬ್ಬಿಯೊಳಗೆ ಹೊಡೆಯಿರಿ, ಆಗಲೂ ಮಾಸ್ಕ್ ಮುಖದಲ್ಲೇ ಇರಲಿ. ಅಕ್ರಿಲಿಕ್ ತೊಳೆದ ನೀರನ್ನು ಅಗಲ ಪಾತ್ರೆಯಲ್ಲಿ ಮಾಡಿನ ಅಡಿಯಲ್ಲಿಟ್ಟು ಒಣಗಲು ಬಿಡಿ. ತಳದಲ್ಲಿ ಉಳಿದ ಬಣ್ಣದ ಪೊರೆ ಕಿತ್ತು ಒಣಕಸಕ್ಕೆ ಹಾಕಿ. ಉಳಿದ ಇಪಾಕ್ಸಿಯನ್ನು ಪೂರ್ತಿ ಗಟ್ಟಿಯಾಗಿಸಿಯೇ ಎಸೆಯಿರಿ. ಥಿನ್ನರ್ ಒರೆಸಿದ ಬಟ್ಟೆ ಇದ್ದರೆ ಮುದ್ದೆ ಮಾಡಿ ಮೂಲೆಯಲ್ಲಿ ಇಡಬೇಡಿ, ಹೊರಗೆ ಬಿಡಿಸಿ ಒಣಗಿಸಿ.

ಕೋಡಿಬೆಂಗ್ರೆ

ಏರ್‌ಬ್ರಶ್ ಪೂರ್ತಿ ಬಿಚ್ಚಿ ಥಿನ್ನರ್‌ನಲ್ಲಿ ಮುಳುಗಿಸಿಡಬೇಡಿ ಅಣ್ಣ, ಒಳಗಿನ ರಬ್ಬರ್ ರಿಂಗ್ ಉಬ್ಬುತ್ತದೆ. ಸೂಜಿ ಹಿಂದಿನಿಂದ ಎಳೆದು, ಒರೆಸಿ, ಮೆಲ್ಲ ವಾಪಸ್ ಹಾಕಿ. ನಾಜಲ್‌ಗೆ ತಾಗಿದ ಕೂಡಲೇ ನಿಲ್ಲಿಸಿ, ಒತ್ತಿದರೆ ನಾಜಲ್ ಸೀಳುತ್ತದೆ. ಅಕ್ಟೋಬರ್ ಹೊತ್ತಿಗೆ ನೀರು ತಿಳಿಯಾಗುತ್ತದೆ, ಆ ಬೂತಾಯಿ ಲೂರ್ ತೆಗೆದುಕೊಂಡು ನಮ್ಮ ಅಳಿವೆಯ ಕಡೆ ಬನ್ನಿ.